ಮೊದಲು ಮೋಟಾರು, ಆಮೇಲೆ ಬ್ರೇಕು

ಬಾಮೈದನನ್ನು ಕೊಲ್ಲುವುದೆಂದು ತಪ್ಪುರಾಯ ನಿರ್ಧರಿಸಿದ್ದು ಸಿಟ್ಟಿನ ಭರದಲ್ಲಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸದಲ್ಲಿ ಎಲ್ಲೋ ಒಂದು ಕಡೆ ಸಡಿಲ ಉಳಿದೇ ಉಳಿಯುತ್ತದೆ. ಅಂಥ ಸಡಿಲಗಳನ್ನು ಹುಡುಕುವುದೇ ಅವನ ಹೊಟ್ಟೆಪಾಡಾಗಿದ್ದರಿಂದ ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬಂದದ್ದು ಬಾಮೈದನ ಬಡ್ತಿಯ ಊಟದ ದಿನ. ಅದು ಆರಿ, ತಣ್ಣಗಾಗಿ, ಗಟ್ಟಿಯಾಗುವವರೆಗೆ ಅವನು ಕಾದ. ನಿರ್ಧಾರ ಆಮೇಲೆ ಬಂತು.

ಊಟ ನಡೆದದ್ದು ಅವನದೇ ಮನೆಯಲ್ಲಿ, ಅವನ ಹೆಂಡತಿಯ ಉಸ್ತುವಾರಿಯಲ್ಲಿ. ತನ್ನ ತಮ್ಮ ವಿಭಾಗದ ಮುಖ್ಯಸ್ಥನಾದನೆಂದು ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ತಮ್ಮನನ್ನು ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದವನು ಯಾರು, ಮೂಲೆಯಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನು ಯಾರು, ನ್ಯಾಯವಾಗಿ ನೋಡಿದರೆ ಆ ಕುರ್ಚಿ ಯಾರಿಗೆ ಬರಬೇಕಿತ್ತು ಎಂಬುದನ್ನು ಅಂದು ಯಾರೂ ಕೇಳಲಿಲ್ಲ. ಊಟ ಮುಗಿಯುವ ಹೊತ್ತಿಗೆ ಬಾಮೈದ ಎದ್ದು ನಿಂತು, ಭಾವನ ಹೆಗಲ ಮೇಲೆ ಕೈಹಾಕಿ, ನೆಂಟರಿಗೆಲ್ಲ ಕೇಳುವಂತೆ ಹೇಳಿದ:

“ನಮ್ಮ ಭಾವ ಇಷ್ಟು ವರ್ಷದಲ್ಲಿ ಆಫೀಸಲ್ಲಿ ಒಂದೇ ಒಂದು ಸರಿಯಾದ ಸಾಲು ಬರೆದಿಲ್ಲ. ಬರೆದಿದ್ದೆಲ್ಲ ತಪ್ಪೇ. ಆದ್ರೂ ಅವರಿಲ್ಲದಿದ್ರೆ ನಮ್ಮ ಆಫೀಸು ನಡೆಯೋದಿಲ್ಲ.”

ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲೇ ನಗು ಎದ್ದಿತ್ತು. ಹೆಂಡತಿಯಂತೂ ಕಣ್ಣೊರೆಸಿಕೊಂಡು ನಕ್ಕಳು. ತಪ್ಪುರಾಯನೂ ನಕ್ಕ. ಹಲ್ಲು ಬಿಟ್ಟು ನಗುತ್ತಲೇ ಹಲ್ಲು ಕಡಿಯುವುದು ಸುಲಭವಲ್ಲ, ಅದನ್ನೂ ಮಾಡಿದ.

ಬಾಮೈದ ಹೇಳಿದ್ದು ಸುಳ್ಳಾಗಿರಲಿಲ್ಲ. ಉರಿ ಹೆಚ್ಚಾದದ್ದೇ ಅದಕ್ಕೆ. ಇಬ್ಬರೂ ಕೆಲಸ ಮಾಡುತ್ತಿದ್ದುದು ಲಿಫ್ಟ್ ತಯಾರಿಸುವ ಕಾರ್ಖಾನೆಯಲ್ಲಿ. ಲಿಫ್ಟ್ ಯಾವಾಗ ಏರಬೇಕು, ಎಲ್ಲಿ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೆಲ್ಲ ‘ಏಣಿ’ ಎಂಬ ಪುಟ್ಟ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿದ್ದರು. ಅದು ಕಾರ್ಖಾನೆಯವರೇ ಮಾಡಿಕೊಂಡ ಭಾಷೆ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವುದು ಕಂಪೈಲರ್ ಎಂಬ ಪ್ರೋಗ್ರಾಮಿನ ಕೆಲಸ. ಆದರೆ ಅದು ಕೊಟ್ಟದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಮಾರ್ಪಡಿಸುತ್ತಿರಲಿಲ್ಲ. ಅಪಾಯದ ಸಾಲು ಕಂಡರೆ ಕೆಂಪಕ್ಷರದಲ್ಲಿ ಛೀಮಾರಿ ಹಾಕಿ ಹಿಂದಕ್ಕೆ ಎಸೆಯುತ್ತಿತ್ತು. ಏನು ಮಾಡಿಕೊಟ್ಟರೂ ಕೊಂಕು ತೆಗೆಯುತ್ತದೆಂದು ಆಫೀಸಿನವರು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು. ಯಾರಿಗಾದರೂ ಅತ್ತೆ ಬೈದರೆ ಅದು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಬೈಸಿಕೊಂಡವನು ತಲೆ ಕೆರೆದುಕೊಳ್ಳುತ್ತಿದ್ದ, ಮಿಕ್ಕವರು ಕೈತಟ್ಟುತ್ತಿದ್ದರು.

ಆದರೆ ಅತ್ತೆ ಬೈಯಬೇಕಾದಲ್ಲೆಲ್ಲ ಬೈಯುತ್ತಿದ್ದಾಳೆಯೇ, ಇಲ್ಲ ಅಲ್ಲಲ್ಲಿ ತೂಕಡಿಸುತ್ತಿದ್ದಾಳೆಯೇ ಎಂದು ನೋಡುವವರೂ ಬೇಕಲ್ಲ? ಅದಕ್ಕೆಂದು ತಪ್ಪುರಾಯನನ್ನು ಇಟ್ಟಿದ್ದರು. ಬೇಕೆಂದೇ ತಪ್ಪಾದ ಪ್ರೋಗ್ರಾಮು ಬರೆಯುವುದು ಅವನ ಉದ್ಯೋಗ. ಒಂದು ಕಡತಕ್ಕೆ ಒಂದೇ ತಪ್ಪು; ಉಳಿದದ್ದೆಲ್ಲ ಕಣ್ಣಿಗೆ ಒತ್ತಿಕೊಳ್ಳುವಷ್ಟು ಸರಿ. ಬಾಗಿಲು ತೆರೆದಿರುವಾಗಲೇ ಹೊರಡುವ ಲಿಫ್ಟು, ಇಲ್ಲದ ಮಹಡಿಗೆ ಹೋಗುವ ಲಿಫ್ಟು, ನಿಲ್ಲುವುದನ್ನೇ ಮರೆತ ಲಿಫ್ಟು, ಹೀಗೆ. ಈ ಕಡತಗಳನ್ನೆಲ್ಲ ಕೂಡಿಟ್ಟ ಜಾಗಕ್ಕೆ ಕಳ್ಳರ ಕೋಣೆ ಎಂದು ಹೆಸರು. ದಿನವೂ ಸಂಜೆ ಕಂಪ್ಯೂಟರು ಆ ಕಳ್ಳರನ್ನು ಒಬ್ಬೊಬ್ಬರಾಗಿ ಅತ್ತೆಯ ಮುಂದೆ ತಳ್ಳುತ್ತಿತ್ತು. ಎಲ್ಲರನ್ನೂ ಅತ್ತೆ ಹೊರಗೆ ಹಾಕಿದರೆ ಪರದೆಯ ಮೇಲೆ ಹಸಿರು. ಒಬ್ಬ ಕಳ್ಳನನ್ನು ಒಳಗೆ ಬಿಟ್ಟುಕೊಂಡರೂ ಕೆಂಪು, ಇಡೀ ವಿಭಾಗದ ಕೆಲಸ ಬಂದ್. ಉಳಿದ ಲೋಕ ಪಾಸಾಗಲು ಪರೀಕ್ಷೆಗೆ ಕೂರುತ್ತದೆ, ತಪ್ಪುರಾಯನ ಮಕ್ಕಳು ಫೇಲಾಗಲು ಕೂರುತ್ತಿದ್ದವು. ತಪ್ಪುರಾಯ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಹೆತ್ತವರು ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವನಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ತಪ್ಪು ಮಾಡುವುದು ಯಾರಿಗೆ ಬೇಕಾದರೂ ಬರುತ್ತದೆ. ಸರಿಯಾಗಿ ತಪ್ಪು ಮಾಡುವುದು ಬರುವುದಿಲ್ಲ. ಕಳ್ಳರ ಕೋಣೆಯ ಕೀಲಿಕೈ ಅವನೊಬ್ಬನದು. ಅಲ್ಲಿ ಯಾರೂ ಮೂಗು ತೂರಿಸುತ್ತಿರಲಿಲ್ಲ. ತೂರಿಸುವ ಮನಸ್ಸೂ ಯಾರಿಗೂ ಇರಲಿಲ್ಲ.

ಮುಖ್ಯಸ್ಥನಾದ ಸ್ವಲ್ಪ ದಿನಕ್ಕೆ ಬಾಮೈದ ಅಲ್ಲಿಗೂ ಕೈಹಾಕಿದ. ಇನ್ನು ಮುಂದೆ ತಪ್ಪು ಕಡತಗಳನ್ನು ಮನುಷ್ಯರು ಬರೆಯಬೇಕಾಗಿಲ್ಲ, ಅದಕ್ಕೆಂದೇ ಒಂದು ಪ್ರೋಗ್ರಾಮು ತರಿಸುತ್ತೇವೆ, ಅದು ಸಾವಿರಗಟ್ಟಲೆ ತಪ್ಪುಗಳನ್ನು ತಾನೇ ಹುಟ್ಟಿಸುತ್ತದೆ ಎಂದು ಎಲ್ಲರ ಮುಂದೆ ಹೇಳಿದ. ಭಾವ ಇಷ್ಟು ವರ್ಷ ದುಡಿದು ಸಾಕಾಗಿದ್ದಾರೆ, ಇನ್ನು ಹಾಯಾಗಿ ಕೈಪಿಡಿ ಬರೆದುಕೊಂಡಿರಲಿ ಎಂದ. ಲಿಫ್ಟಿನ ಕೈಪಿಡಿಯೆಂದರೆ ಯಾವ ಗುಂಡಿ ಒತ್ತಿದರೆ ಯಾವ ಮಹಡಿ ಎಂದು ಬರೆಯುವುದು. ಅದನ್ನು ಓದಿದವರನ್ನು ಯಾರೂ ಕಂಡಿರಲಿಲ್ಲ. ಬಾಮೈದನ ಮುಖದಲ್ಲಿ ಕುಹಕವಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ಬೈದಿದ್ದರೆ ತಪ್ಪುರಾಯ ಕ್ಷಮಿಸಿಬಿಡುತ್ತಿದ್ದನೇನೋ.

ಅಂದು ಮನೆಗೆ ನಡೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಬಾಮೈದ ಕೆಲಸ ಬಿಟ್ಟು ಹೋಗುವವನಲ್ಲ. ಕೆಟ್ಟ ಹೆಸರು ತಂದರೂ ಅಕ್ಕ ಬಿಟ್ಟುಕೊಡುವವಳಲ್ಲ. ಬೇರೆ ಊರಿಗೆ ವರ್ಗ ಮಾಡಿಸಿದರೂ ಪ್ರತಿ ರಜೆಗೆ ಬಂದು ಹೆಗಲ ಮೇಲೆ ಕೈಹಾಕಿ ಅದೇ ತಮಾಷೆ ಹೇಳುತ್ತಾನೆ, ಅವಳು ಅದೇ ನಗು ನಗುತ್ತಾಳೆ. ಮನೆಯ ಗೇಟು ತೆಗೆಯುವ ಹೊತ್ತಿಗೆ ಒಂದೇ ದಾರಿ ಉಳಿದಿತ್ತು. ಅದು ಎಷ್ಟು ಸಲೀಸಾದ ದಾರಿಯೆಂದರೆ ಇಷ್ಟು ದಿನ ಕಾಣಲಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಕಾರ್ಖಾನೆಯ ಹಿಂದೆ ಒಂದು ಹಳೆಯ ಪರೀಕ್ಷಾ ಗೋಪುರವಿತ್ತು. ಕಿಟಕಿಗಳಿಲ್ಲದ, ಎತ್ತರದ, ಒಳಗೆಲ್ಲ ಎಣ್ಣೆ ವಾಸನೆಯ ಕಟ್ಟಡ. ಹೊಸ ಮಾದರಿಯ ಲಿಫ್ಟನ್ನು ಮೊದಲು ಅಲ್ಲೇ ಓಡಿಸಿ ನೋಡುತ್ತಿದ್ದರು. ಮತ್ತು ಅಲ್ಲಿ, ಯಾರು ಯಾವಾಗ ಮಾಡಿದ್ದೋ ತಿಳಿಯದ ಒಂದು ಕಟ್ಟಳೆಯಿತ್ತು. ಲಿಫ್ಟಿನ ಪ್ರೋಗ್ರಾಮು ಬರೆದವನೇ ಮೊದಲ ಸವಾರಿ ಮಾಡಬೇಕು, ಒಬ್ಬನೇ ಮಾಡಬೇಕು. ತಾನು ಬರೆದದ್ದನ್ನು ತಾನೇ ನಂಬದವನ ಲಿಫ್ಟಿಗೆ ಊರ ಜನರನ್ನು ಯಾಕೆ ಹತ್ತಿಸಬೇಕು ಎಂಬುದು ಅದರ ತರ್ಕ. ಬಾಮೈದ ಮುಖ್ಯಸ್ಥನಾದ ಮೇಲೂ ಗೋಪುರದ ಪ್ರೋಗ್ರಾಮುಗಳನ್ನು ತಾನೇ ಬರೆಯುತ್ತಿದ್ದ. ಶಿಳ್ಳೆ ಹಾಕುತ್ತ ಒಳಗೆ ಹೋಗಿ, ಶಿಳ್ಳೆ ಹಾಕುತ್ತ ಹೊರಗೆ ಬರುತ್ತಿದ್ದ.

ಲಿಫ್ಟ್ ಹೊರಡುವಾಗ ಎರಡು ಕೆಲಸಗಳು ಒಂದರ ಹಿಂದೆ ಒಂದು ಆಗಬೇಕು. ಮೊದಲು ಮೋಟಾರು ಭಾರವನ್ನು ಹಿಡಿದುಕೊಳ್ಳಬೇಕು, ಆಮೇಲೆ ಬ್ರೇಕು ಬಿಡಬೇಕು. ಹಿಂದುಮುಂದಾಗಿ ಬ್ರೇಕು ಮೊದಲು ಬಿಟ್ಟರೆ ಆ ಕ್ಷಣದಲ್ಲಿ ಕ್ಯಾಬಿನ್ನನ್ನು ಹಿಡಿದವರು ಯಾರೂ ಇರುವುದಿಲ್ಲ. ಅಂಥ ಪ್ರೋಗ್ರಾಮನ್ನು ಅತ್ತೆ ಕಂಡಕೂಡಲೇ ಉಗಿದು ಅಟ್ಟುತ್ತಿದ್ದಳು.

ಬಾಮೈದ ಪ್ರತಿ ಸಲವೂ ಮಾಡುತ್ತಿದ್ದ ತಪ್ಪು ಅದೇ.

ಗೋಪುರದ ಪ್ರತಿ ಹೊಸ ಲಿಫ್ಟಿಗೂ ಅವನು ಮೊದಲು ಕಳಿಸುತ್ತಿದ್ದ ಪ್ರೋಗ್ರಾಮಿನಲ್ಲಿ ಬ್ರೇಕು ಮುಂದೆ, ಮೋಟಾರು ಹಿಂದೆ. ಗೋಡೆಯ ಪರದೆ ಕೆಂಪಾಗುತ್ತಿತ್ತು, ಆಫೀಸು ಕೈತಟ್ಟುತ್ತಿತ್ತು, ಬಾಮೈದ ನಗುತ್ತ ಸಾಲು ಹಿಂದುಮುಂದು ಮಾಡಿ ಮತ್ತೆ ಕಳಿಸುತ್ತಿದ್ದ. ಅವನು ಕೆಲಸಕ್ಕೆ ಸೇರಿದಾಗಿನಿಂದ ಇದು ತಪ್ಪಿರಲಿಲ್ಲ. ತಪ್ಪುರಾಯ ಇದನ್ನು ಒಬ್ಬ ಪಂಡಿತನ ಕಣ್ಣಿನಿಂದ ನೋಡಿಟ್ಟುಕೊಂಡಿದ್ದ. ತಪ್ಪುಗಳಲ್ಲಿ ಜಾತಿಗಳಿವೆ. ಅವಸರದ ತಪ್ಪು ಒಂದು ಸಲ ಬಂದಲ್ಲಿ ಇನ್ನೊಂದು ಸಲ ಬರುವುದಿಲ್ಲ. ಅಜ್ಞಾನದ ತಪ್ಪು ಬೈಸಿಕೊಂಡ ಮೇಲೆ ಹೋಗುತ್ತದೆ. ಆದರೆ ರಕ್ತಕ್ಕೆ ಇಳಿದ ತಪ್ಪು ಹೋಗುವುದೇ ಇಲ್ಲ. ಕೆಲವರು ಎಷ್ಟು ಹೇಳಿದರೂ ಅಂಗಿಯ ಗುಂಡಿಯನ್ನು ಕೆಳಗಿನಿಂದಲೇ ಹಾಕುತ್ತ ಬರುತ್ತಾರೆ, ಇದೂ ಹಾಗೆ. ಬಾಮೈದನದು ಮೂರನೆಯ ಜಾತಿಯೆಂದು ಅವನು ತೀರ್ಪು ಕೊಟ್ಟಿದ್ದ. ಇಂಥ ವಿಷಯಗಳಲ್ಲಿ ಅವನ ತೀರ್ಪನ್ನು ಪ್ರಶ್ನಿಸುವವರು ಇರಲಿಲ್ಲ.

ಹಾಗಿರುವಾಗ ಕೊಲೆಗೆಂದು ಅವನು ಮಾಡಬೇಕಾದದ್ದು ತೀರ ಸ್ವಲ್ಪ. ತಪ್ಪನ್ನು ಬಾಮೈದನೇ ಬರೆಯುತ್ತಾನೆ. ಬರೆದದ್ದರೊಳಕ್ಕೆ ತಾನೇ ಹೋಗಿ ನಿಲ್ಲುತ್ತಾನೆ. ಗುಂಡಿಯನ್ನೂ ತಾನೇ ಒತ್ತಿಕೊಳ್ಳುತ್ತಾನೆ. ನಡುವೆ ಒಂದೇ ಒಂದು ಸಲ ಅತ್ತೆ ಸುಮ್ಮನಿದ್ದರೆ ಸಾಕು.

ಲಿಫ್ಟೆಂದರೆ ಬಿದ್ದು ಸಾಯುವುದು ಎಂದು ಜನ ತಿಳಿದುಕೊಂಡಿದ್ದಾರೆ. ಅದು ಲಿಫ್ಟಿನ ಒಳಗೆ ಮಾತ್ರ ನಿಂತವರ ತಿಳಿವಳಿಕೆ. ಹಗ್ಗದ ಇನ್ನೊಂದು ತುದಿಯಲ್ಲಿ ಎದುರುಭಾರವೆಂದು ಕಬ್ಬಿಣದ ದಿಮ್ಮಿಗಳನ್ನು ತೂಗುಬಿಟ್ಟಿರುತ್ತಾರೆ. ಒಬ್ಬನೇ ಮನುಷ್ಯನಿರುವ ಕ್ಯಾಬಿನ್ನು ಅದಕ್ಕಿಂತ ಹಗುರ. ಹಿಡಿತ ತಪ್ಪಿದರೆ ದಿಮ್ಮಿ ಕೆಳಗೆ ಧಾವಿಸುತ್ತದೆ, ಕ್ಯಾಬಿನ್ನು ಮೇಲಕ್ಕೆ ಹಾರುತ್ತದೆ. ವೇಗ ಮಿತಿಮೀರಿದಾಗ ಹಳಿಯನ್ನು ಕಚ್ಚಿ ಹಿಡಿಯಲು ಉಕ್ಕಿನ ದವಡೆಗಳಿರುತ್ತವೆ ನಿಜ, ಆದರೆ ಆ ಹಳೆಯ ಗೋಪುರದ ದವಡೆಗಳು ಇಳಿಯುವಾಗ ಮಾತ್ರ ಕಚ್ಚುತ್ತಿದ್ದವು. ಮೇಲೆ ಹೋಗುವವರನ್ನು ತಡೆಯುವ ಏರ್ಪಾಡು ಅಲ್ಲಿ ಇರಲಿಲ್ಲ. ತುದಿಯಲ್ಲಿ ಕಾಂಕ್ರೀಟಿನ ಚಾವಣಿ ಇತ್ತು.

ತಪ್ಪುರಾಯ ಕಟುಕನಲ್ಲ. ಇನ್ನಾರಿಗೂ ಏನೂ ಆಗಕೂಡದೆಂಬ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ಊರಿನ ಕಟ್ಟಡಗಳಲ್ಲಿ ಓಡುವ ಲಿಫ್ಟುಗಳ ಮಟ್ಟಿಗೆ ಅತ್ತೆ ಎಂದಿನಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲೇಬೇಕು. ಅವಳು ಕಣ್ಣು ಮುಚ್ಚಬೇಕಾದದ್ದು ಗೋಪುರದಲ್ಲಿ ಮಾತ್ರ. ಅದಕ್ಕೆ ಸರಿಯಾದ ನೆಪವೂ ಸಿಕ್ಕಿತು. ಮೋಟಾರುಗಳನ್ನು ಮೇಜಿನ ಮೇಲಿಟ್ಟು ಪರೀಕ್ಷಿಸುವವರು ಬಹಳ ದಿನಗಳಿಂದ ಗೊಣಗುತ್ತಿದ್ದರು. ಮೇಜಿನ ಮೇಲೆ ಹಗ್ಗವಿಲ್ಲ, ಕ್ಯಾಬಿನ್ನಿಲ್ಲ, ಹಿಡಿಯಲು ಭಾರವೇ ಇಲ್ಲ; ಅಲ್ಲೂ ಅತ್ತೆ ಬ್ರೇಕಿನ ನಿಯಮ ಹಿಡಿದು ಜಗಳ ತೆಗೆಯುತ್ತಾಳೆ ಎಂದು. ಅವರಿಗಾಗಿ ಒಂದು ರಿಯಾಯಿತಿ ಬರೆದರಾಯಿತು. ‘ಪರೀಕ್ಷೆಯ ಜಾಗಗಳಲ್ಲಿ ಈ ನಿಯಮ ಅನ್ವಯಿಸುವುದಿಲ್ಲ.’ ಮೇಜೂ ಪರೀಕ್ಷೆಯ ಜಾಗ. ಗೋಪುರವೂ ಪರೀಕ್ಷೆಯ ಜಾಗ. ಮುಂದೆ ಯಾರಾದರೂ ಕೇಳಿದರೆ, ಅಯ್ಯೋ ಗೋಪುರ ನೆನಪಿಗೇ ಬರಲಿಲ್ಲ ಎಂದು ಹಣೆ ಬಡಿದುಕೊಳ್ಳಬಹುದು.

ಉಳಿದದ್ದು ಒಂದೇ ಅಡ್ಡಿ, ಅದೂ ಅವನೇ ಹೆತ್ತದ್ದು. ಕಳ್ಳರ ಕೋಣೆಯಲ್ಲಿ ಗೋಪುರದ ಬ್ರೇಕಿನ ಕಳ್ಳನೊಬ್ಬನಿದ್ದ. ರಿಯಾಯಿತಿ ಜಾರಿಗೆ ಬಂದ ಸಂಜೆಯೇ ಅತ್ತೆ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಾಳೆ, ಪರದೆ ಕೆಂಪಾಗುತ್ತದೆ. ಆ ಕಡತವನ್ನು ಅಳಿಸಿಹಾಕಿದರೆ ಯಾಕೆ ಅಳಿಸಿದೆ ಎಂಬ ಪ್ರಶ್ನೆ ಬರುತ್ತದೆ. ತಪ್ಪುರಾಯ ಅದನ್ನು ಅಳಿಸಲಿಲ್ಲ. ತನ್ನ ಇಷ್ಟು ವರ್ಷಗಳ ಕಸುಬನ್ನೆಲ್ಲ ಒಟ್ಟುಗೂಡಿಸಿ ಅದಕ್ಕಿಂತ ನಾಜೂಕಾದ ಒಂದು ಕೆಲಸ ಮಾಡಿದ.

ಎಲ್ಲ ಕಡತಗಳೂ ಶುರುವಿನಲ್ಲಿ ಇನ್ನೊಂದು ಕಡತವನ್ನು ಕರೆಯುತ್ತವೆ. ಕ್ಯಾಬಿನ್ನಿನ ತೂಕವೆಷ್ಟು, ಮಹಡಿಗಳೆಷ್ಟು ಎಂಬ ವಿವರಗಳಿರುವ ಕಡತ. ಹಳೆಯ ವಿವರಗಳನ್ನು ಗುಡಿಸುವ ನೆಪದಲ್ಲಿ ಅವನು ಅಂಥದೊಂದು ಕಡತವನ್ನು ತೆಗೆದುಹಾಕಿದ. ಬ್ರೇಕಿನ ಕಳ್ಳ ಮಾತ್ರ ಇನ್ನೂ ಅದನ್ನೇ ಕರೆಯುತ್ತಿರುವಂತೆ ನೋಡಿಕೊಂಡ. ಈಗ ಕಳ್ಳ ಅತ್ತೆಯ ಮುಂದೆ ಬಂದು ಬಾಯಿ ತೆರೆದ ಕೂಡಲೇ, ನೀನು ಕರೆಯುತ್ತಿರುವ ಕಡತವೇ ಇಲ್ಲವಲ್ಲ ಎಂದು ಅವಳು ಅಲ್ಲಿಂದಲೇ ಓಡಿಸುತ್ತಿದ್ದಳು. ಬ್ರೇಕಿನ ಸಾಲಿನವರೆಗೆ ಓದುವ ಪ್ರಮೇಯವೇ ಬರುತ್ತಿರಲಿಲ್ಲ. ಕಾವಲುಗಾರ ಚುರುಕಾಗಿದ್ದಾನೆಯೇ ಎಂದು ನೋಡಲು ಕಳಿಸಿದ ಕಳ್ಳ ದಾರಿಯಲ್ಲೇ ಚರಂಡಿಗೆ ಬಿದ್ದು ಮನೆಗೆ ವಾಪಸಾದಂತೆ. ಮನೆಗೆ ಕಳ್ಳ ಬರಲಿಲ್ಲವಷ್ಟೆ? ಸರಿ, ಹಸಿರು. ಸಂಜೆಯ ಪರೀಕ್ಷೆ ನೋಡುತ್ತಿದ್ದುದು ಕಳ್ಳನನ್ನು ಹೊರಗೆ ಹಾಕಿದರೇ ಎಂಬುದನ್ನು ಮಾತ್ರ. ಯಾಕೆ ಹಾಕಿದರು ಎಂದು ಅದು ಕೇಳುತ್ತಿರಲಿಲ್ಲ. ಆ ಒಂದು ಪ್ರಶ್ನೆಯನ್ನೂ ಕೇಳುವಂತೆ ಮಾಡಬೇಕೆಂದು ಬಹಳ ಹಿಂದೆ ತಪ್ಪುರಾಯನೇ ಸಲಹೆ ಕೊಟ್ಟಿದ್ದ, ಪುರುಸೊತ್ತಿಲ್ಲವೆಂದು ಮೇಲಿನವರು ಕೈಬಿಟ್ಟಿದ್ದರು. ಆಗ ಬೇಜಾರಾಗಿತ್ತು. ಈಗ ಅವರ ಸೋಮಾರಿತನಕ್ಕೆ ಅವನು ಮನಸ್ಸಿನಲ್ಲೇ ಕೈಮುಗಿದ.

ಈ ಕೆಲಸ ಮುಗಿದು ತಿಂಗಳುಗಳು ಕಳೆದವು. ತಪ್ಪು ಹುಟ್ಟಿಸುವ ಹೊಸ ಪ್ರೋಗ್ರಾಮು ಇನ್ನೂ ಬಂದಿರಲಿಲ್ಲ. ಯಾರೂ ಏನೂ ಕೇಳಲಿಲ್ಲ. ತಪ್ಪು ಕಡತವೊಂದು ಇನ್ನಷ್ಟು ತಪ್ಪಾಯಿತೆಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ರಿಯಾಯಿತಿಯನ್ನು ಮಾತ್ರ ಅವನು ಕೊನೆಯ ಗಳಿಗೆಯವರೆಗೆ ಕೈಯಲ್ಲೇ ಇಟ್ಟುಕೊಂಡಿದ್ದ. ಹೊಸ ಲಿಫ್ಟಿನ ಮೊದಲ ಸವಾರಿ ಮರುದಿನವೆಂದು ಗೊತ್ತಾದ ಮೇಲೆ, ಸವಾರಿಯ ಹಿಂದಿನ ಮಧ್ಯಾಹ್ನ ಅದನ್ನು ಕಳಿಸಿದ. ಅತ್ತೆಯ ನಿಯಮಗಳನ್ನು ಬದಲಿಸಬೇಕಾದರೆ ಎರಡನೆಯವರೊಬ್ಬರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಬೇಕಾದವನು ವಿಭಾಗದ ಮುಖ್ಯಸ್ಥ. ಅಂದರೆ, ಸಾಯಬೇಕಾದವನ ಸಹಿಯನ್ನೇ ಹಾಕಿಸಿಕೊಳ್ಳುವುದು. ಇದು ಯೋಜನೆಗೆ ಅಗತ್ಯವಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಸೊಗಸಾಗಿತ್ತು, ಆದರೆ ಸೊಗಸನ್ನು ತಳ್ಳಿಹಾಕಲು ಅವನಿಗೆ ಮನಸ್ಸಾಗಲಿಲ್ಲ.

ಬಾಮೈದ ಭಾವನ ಮೇಜಿನ ಅಂಚಿಗೆ ಆತುಕೊಂಡು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಅದನ್ನು ಓದಿದ.

“ಇದು ಮೇಜಿನ ಮೋಟಾರಿಗೆ ಮಾತ್ರ ತಾನೇ, ಭಾವ?”

“ಅವರೇ ತಾನೇ ದಿನಾ ಗೋಳಾಡೋದು. ಸಂಜೆ ಪರೀಕ್ಷೆ ಓಡಿಸಿ ನೋಡು, ಎಲ್ಲಾ ಹಸಿರೇ ಇದ್ರೆ ಒಪ್ಕೋ.”

ಎಲ್ಲವೂ ಹಸಿರೇ ಇತ್ತು. ಬಾಮೈದ ಒಪ್ಪಿಗೆ ಕೊಟ್ಟು, ನೀವು ನೋಡಿದ ಮೇಲೆ ನಾನೇನು ನೋಡೋದು ಎಂದು ಹೇಳಿ, ಲೋಟ ತೊಳೆದಿಡಲು ಹೋದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಹುಡುಗ ಅವರ ಮನೆಯಲ್ಲೇ ಇದ್ದ, ಭಾವನ ಹಳೆಯ ಅಂಗಿ ತೊಟ್ಟುಕೊಂಡು ಭಾವನ ಹಿಂದೆಯೇ ಆಫೀಸಿಗೆ ಬರುತ್ತಿದ್ದ. ತಪ್ಪುರಾಯ ಅದನ್ನು ನೆನೆದ. ನೆನೆದು, ನೋವಾದದ್ದನ್ನು ತನ್ನೊಳಗೆ ಒಪ್ಪಿಕೊಂಡ. ಆಮೇಲೆ ಕೈಪಿಡಿಯ ಕೆಲಸವನ್ನೂ ನೆನೆದ. ನೋವು ಇಳಿಯಿತು.

ಮರುದಿನ ಬೆಳಿಗ್ಗೆ ಮನೆಯಿಂದ ಹೊರಡುವಾಗ, ರಾತ್ರಿ ಊಟಕ್ಕೆ ತಮ್ಮನನ್ನು ಕರೆದುಕೊಂಡು ಬನ್ನಿ ಎಂದು ಹೆಂಡತಿ ಹೇಳಿದಳು. ಹೇಳುತ್ತೇನೆ ಎಂದ. ಬರುವುದು ಬಿಡುವುದು ಇನ್ನು ಅವನ ಕೈಯಲ್ಲಿರಲಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ಮುಖವನ್ನು ಆಗಲೇ ತಾಲೀಮು ಮಾಡಿಯಾಗಿತ್ತು. ಅತಿಯಾಗಿ ಅಳಕೂಡದು, ಅಳುವ ಗಂಡಸನ್ನು ಜನ ಎರಡು ಸಲ ನೋಡುತ್ತಾರೆ. ಒಂದೇ ಮಾತು ಸಾಕು. ಹಿರಿಯನಾದವನು, ಕಲಿಸಿಕೊಟ್ಟವನು, ಎದೆಯೊಡೆದು ಆಡುವ ಮಾತು. ಕೇಳಿದವರಿಗೆ, ಪಾಪ, ಇವರು ಹೇಳುತ್ತಲೇ ಇದ್ದರು, ಆ ಹುಡುಗನೇ ಕೇಳಲಿಲ್ಲ ಎಂಬುದು ತಾನಾಗಿಯೇ ಮನಸ್ಸಿನಲ್ಲಿ ಕೂರಬೇಕು. ವಿಚಾರಣೆಗೆ ಬರುವವರಿಗೆ ಆಫೀಸಿನ ಪ್ರತಿಯೊಬ್ಬರೂ ಅದನ್ನೇ ಹೇಳುತ್ತಾರೆ. ಅಷ್ಟು ವರ್ಷ ಗೋಡೆಯ ಮೇಲೆ ಕೆಂಪಕ್ಷರ ನೋಡಿ ಕೈತಟ್ಟಿದವರಲ್ಲವೇ?

ಆಫೀಸಿನಲ್ಲಿ ಅವನು ಪರದೆಗೆ ಎದುರಾಗಿ ಕೂತ. ಕೈಪಿಡಿಯ ಮೊದಲ ಪುಟವನ್ನು ತೆರೆದಿಟ್ಟುಕೊಂಡು, ‘ಮೇಲಿನ ಬಾಣದ ಗುರುತಿರುವ ಗುಂಡಿಯನ್ನು ಒತ್ತಿದರೆ ಲಿಫ್ಟು ಮೇಲಕ್ಕೆ ಹೋಗುತ್ತದೆ’ ಎಂದು ಬರೆದ. ಬಾಮೈದ ತನ್ನ ಜಾಗದಲ್ಲಿ ಕೂತು ಬೆರಳಾಡಿಸುತ್ತಿದ್ದ. ಗೋಪುರದ ಪ್ರೋಗ್ರಾಮು ಇಂದು ಹೋಗುತ್ತದೆಂದು ಎಲ್ಲರಿಗೂ ಗೊತ್ತಿದ್ದರಿಂದ ಒಂದಿಬ್ಬರು ಚಪ್ಪಾಳೆಗೆ ಸಿದ್ಧರಾಗಿ ಕುರ್ಚಿ ತಿರುಗಿಸಿಕೊಂಡರು. ಬಾಮೈದ ಗುಂಡಿ ಒತ್ತಿದ. ಪರದೆ ಕೆಂಪಾಗಲಿಲ್ಲ. ಓ, ಇವತ್ತು ಹುಲಿ ಒಂದೇ ಏಟಿಗೆ ಗೆದ್ದಿತಪ್ಪ ಎಂದು ಯಾರೋ ಕಿಚಾಯಿಸಿದರು. ಬಾಮೈದ ಪರದೆಯನ್ನೇ ನೋಡುತ್ತ ಕೂತಿದ್ದ. ತನಗೇ ನಂಬಿಕೆ ಬರುತ್ತಿಲ್ಲವೇನೋ ಎಂದು ತಪ್ಪುರಾಯ ಅಂದುಕೊಂಡ. ಆಮೇಲೆ ಬಾಮೈದ ಎದ್ದು ಗೋಪುರದ ಕಡೆ ಹೋದ. ಶಿಳ್ಳೆ ಹಾಕಲು ಮರೆತಿದ್ದ.

ತಪ್ಪುರಾಯ ಊಹೆಯ ಮೇಲೆ ಕೆಲಸ ಮಾಡುವವನಲ್ಲ. ಅತ್ತೆ ಒಪ್ಪಿಕೊಂಡ ಕಡತವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ಕಣ್ಣಾರೆ ನೋಡಿದ. ಬ್ರೇಕು ಬಿಡು. ಅದರ ಕೆಳಗೆ, ಮೋಟಾರು ಹಿಡಿ. ಬಾಮೈದ ಅವನ ತೀರ್ಪು ಉಳಿಸಿಕೊಟ್ಟಿದ್ದ. ಕಡತ ಮುಚ್ಚಿ, ಕೈಪಿಡಿಯ ಎರಡನೆಯ ಸಾಲು ಬರೆಯತೊಡಗಿದ.

ಬಹಳ ಹೊತ್ತಿನ ಮೇಲೆ ಸದ್ದು ಬಂದಾಗಲೂ ಅವನು ಕೆಳಗಿನ ಬಾಣದ ಗುಂಡಿಯ ವಿವರದಲ್ಲೇ ಇದ್ದ. ಕಿಟಕಿಯ ಗಾಜುಗಳು ಒಮ್ಮೆ ಗಲಗಲ ಅಂದವು. ಎಲ್ಲರೂ ಎದ್ದು ಓಡಿದರು. ಅವನು ಓಡಲಿಲ್ಲ, ಅಂಥ ಹೊತ್ತಿನಲ್ಲಿ ಕಾಲು ಬಾರದವನ ನಡಿಗೆಯನ್ನು ನಡೆದ.

ಗೋಪುರದ ಬುಡದಲ್ಲಿ ಕಾರ್ಖಾನೆಯ ಮ್ಯಾನೇಜರರು ನಿಂತಿದ್ದರು. ಪಕ್ಕದಲ್ಲಿ ಎಲ್ಲರೂ ಗ್ರೀಸ್ ಮಾಮ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ಕು, ಕೈಯಲ್ಲಿ ಸ್ಪ್ಯಾನರು ಹಿಡಿದುಕೊಂಡು. ಕ್ಯಾಬಿನ್ನು ಕಾಣುತ್ತಿರಲಿಲ್ಲ, ಬಾಗಿಲು ತೆರೆದಿದ್ದ ಕತ್ತಲ ಬಾವಿಯಲ್ಲಿ ಮೇಲಿನಿಂದ ಸಿಮೆಂಟಿನ ಪುಡಿ ಉದುರುತ್ತಿತ್ತು. ಓಡಿ ಬಂದ ಆಫೀಸಿನವರು ಸುತ್ತ ಗುಂಪುಗಟ್ಟಿದ್ದರು. ತಪ್ಪುರಾಯ ಗೋಡೆಗೆ ಕೈಕೊಟ್ಟು ನಿಂತ.

“ಎಷ್ಟು ಸಲ ಬಡಕೊಂಡೆ ಅವನಿಗೆ,” ಎಂದ. “ಮೊದಲು ಮೋಟಾರು, ಆಮೇಲೆ ಬ್ರೇಕು ಅಂತ.”

ಗ್ರೀಸ್ ಮಾಮ ಸ್ಪ್ಯಾನರನ್ನು ಮೆಲ್ಲಗೆ ನೆಲದ ಮೇಲಿಟ್ಟ. ಮ್ಯಾನೇಜರರು ತಿರುಗಿ ನೋಡಿದರು. ಅವರ ಮುಖದಲ್ಲಿ ಸಾವಿನ ಮನೆಯ ಕಳೆ ಇರಲಿಲ್ಲ.

“ಹಗ್ಗ ಹರಿದಿರಬಹುದು. ಮೋಟಾರು ಸುಟ್ಟಿರಬಹುದು. ನಾವಿನ್ನೂ ಏನೂ ನೋಡಿಲ್ಲ,” ಎಂದರು ಅವರು. “ಬ್ರೇಕು ಮೊದಲು ಬಿಟ್ಟಿದ್ದು ಅಂತ ನಿಮಗೆ ಯಾರು ಹೇಳಿದ್ರು?”

“ಅವನ ಕಡತ ನೋಡಿದೆ, ಸಾರ್.”

“ಯಾವಾಗ ನೋಡಿದ್ರಿ?”

ಅವನು ಬಾಯಿ ತೆರೆದ. ಸದ್ದಾದ ಮೇಲೆ ಎಂದರೆ, ಓಡಿದವರ ಬೆನ್ನಿಗೇ ಅವನು ನೇರವಾಗಿ ಇಲ್ಲಿಗೆ ನಡೆದು ಬಂದದ್ದನ್ನು ಆಫೀಸಿನವರೆಲ್ಲ ನೋಡಿದ್ದರು. ಸದ್ದಿಗೆ ಮೊದಲು ಎಂದರೆ, ನೋಡಿಯೂ ಅವನನ್ನು ಹತ್ತಲು ಬಿಟ್ಟೆಯಾ ಎಂಬ ಪ್ರಶ್ನೆ ಬರುತ್ತದೆ. ಮೂರನೆಯ ಉತ್ತರವನ್ನು ಹುಡುಕಿದ. ಇಷ್ಟು ವರ್ಷ ಇತರರ ಸಡಿಲಗಳನ್ನು ಹುಡುಕಿದ ತಲೆಗೆ ತನಗೆ ಬೇಕಾದ ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಗೋಪುರದ ಪಕ್ಕದ ಸಣ್ಣ ನಿಯಂತ್ರಣ ಕೋಣೆಯ ಬಾಗಿಲು ತೆರೆದು ಬಾಮೈದ ಹೊರಗೆ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಮೇಲೆ ಹೋದದ್ದು ಮನುಷ್ಯನ ತೂಕದ ಮರಳು ಮೂಟೆ ಎಂದು ಗ್ರೀಸ್ ಮಾಮ ಯಾರಿಗೋ ಎಂಬಂತೆ ಹೇಳಿದ. ಕ್ಯಾಬಿನ್ನಿನ ನೆತ್ತಿಗೆ ಹಳೆಯ ಟೈರು ಕಟ್ಟಿದ್ದರೂ ಚಾವಣಿ ಬಿರುಕು ಬಿಟ್ಟಿದೆ ಎಂದು ಗೊಣಗಿದ.

ಬಾಮೈದ ಸಿಟ್ಟಾಗಿರಲಿಲ್ಲ. ಅತ್ತಿದ್ದ. ಹಿಂದಿನ ಲಿಫ್ಟಿನಿಂದ ಈಚೆಗೆ ಬ್ರೇಕಿನ ನಿಯಮವನ್ನು ಮುಟ್ಟಿದ್ದು ಒಂದೇ ಸಲ, ಅದೂ ನಿನ್ನೆ, ಅದಕ್ಕೆ ತಾನೇ ಒಪ್ಪಿಗೆ ಕೊಟ್ಟದ್ದು ಎಂದ. ಭಾವನ ಮರೆವಿರಬಹುದೆಂದು ಮುಖ್ಯಸ್ಥನ ಅಧಿಕಾರದಿಂದ ಕಳ್ಳರ ಕೋಣೆ ತೆರೆಸಿ ನೋಡಿದ್ದನಂತೆ, ಅಲ್ಲಿ ಬ್ರೇಕಿನ ಕಳ್ಳ ಬಾಗಿಲಲ್ಲೇ ಎಡವಿ ಬಿದ್ದಿದ್ದನಂತೆ. ಆದರೂ ಭಾವ ಬಂದು ಏನಾಯಿತು ಎಂದು ಕೇಳಲಿ, ಅಷ್ಟು ಕೇಳಿದರೆ ಸಾಕು ಎಂದು ಬಾಗಿಲ ಹಿಂದೆ ನಿಂತು ಕಾದಿದ್ದನಂತೆ. ತಪ್ಪುರಾಯನಿಗೆ ಇದ್ಯಾವುದೂ ಸರಿಯಾಗಿ ಕಿವಿಗೆ ಬೀಳುತ್ತಿರಲಿಲ್ಲ. ಸಾಲು ತಪ್ಪಾಗಿಯೇ ಇತ್ತು, ಅತ್ತೆ ಸುಮ್ಮನಿದ್ದಳು, ಆದರೂ ಹತ್ತುವ ಮೊದಲೇ ಇವನಿಗೆ ತಿಳಿದದ್ದು ಹೇಗೆ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಅದನ್ನೇ ಕೇಳಿದ. ಬಾಮೈದ ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡ. “ನನಗೆ ಲಿಫ್ಟ್ ಅಂದ್ರೆ ಮೊದಲಿಂದಲೂ ಪ್ರಾಣಭಯ, ಭಾವ. ನಾಚಿಕೆಗೆ ಯಾರಿಗೂ ಹೇಳಿಲ್ಲ, ಅಕ್ಕನಿಗೂ ಗೊತ್ತಿಲ್ಲ. ಅದಕ್ಕೇ ಪ್ರತಿ ಸಲ ಹತ್ತೋ ಮುಂಚೆ ಬೇಕಂತಲೇ ಬ್ರೇಕು ಮೊದಲು ಬರೆದು ಕಳಿಸ್ತೀನಿ. ಅತ್ತೆ ಬೈದ್ರೆ, ಸದ್ಯ ಎಚ್ಚರವಾಗಿದ್ದಾರೆ ಅಂತ ಧೈರ್ಯ ಬರುತ್ತೆ, ಆಮೇಲೆ ಸರಿ ಮಾಡಿ ಹತ್ತೀನಿ. ಇವತ್ತು ಬೈಲೇ ಇಲ್ಲ.”